ಆರ್ಗಾನ್ ಭಾಯಿ

ನನಗೆ ಬರೆದಿಡುವ ಚಟವಿದೆ. ಹಾಲು ಒಡೆದ ದಿನ, ಕರಿಬೇವು ಚಿಗುರಿದ ದಿನ, ಹೊಸ ಸಿಲಿಂಡರ್ ಹಚ್ಚಿದ ದಿನ, ದೇವದುರ್ಗದ ಬಸ್ಸು ಹೊತ್ತಿಗೆ ಸರಿಯಾಗಿ ಬಂದ ದಿನ, ಎಲ್ಲವೂ ನನ್ನ ಡೈರಿಯಲ್ಲಿವೆ. ಕಡೆಯದು ಅಪರೂಪವಾದ್ದರಿಂದ ಕೆಂಪು ಶಾಯಿಯಲ್ಲಿ. "ನಿನ್ನ ಕಣ್ಣು ತಪ್ಪಿಸಿ ಈ ಮನ್ಯಾಗ ಒಂದು ಇರುವಿನೂ ಹಾಯಂಗಿಲ್ಲ ನೋಡು" ಎಂದು ನಮ್ಮ ಮನೆಯವರು ಅನ್ನುತ್ತಿರುತ್ತಾರೆ. ಅದನ್ನು ಹೊಗಳಿಕೆಯೆಂದೇ ತಿಳಿದು ಬಹಳ ವರ್ಷ ಸುಖವಾಗಿದ್ದೆ. ಮೊನ್ನೆ ಗುರುವಾರ ಮಧ್ಯಾಹ್ನದವರೆಗೆ.

ನಾನು ಮಾನ್ವಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ತಗಡಿನ ಅಂಗಡಿ ಇದೆ. ಅದರ ಹಣೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ 'ಆರ್ಗಾನ್ ವೆಲ್ಡಿಂಗ್ ವರ್ಕ್ಸ್' ಎಂದು ಬರೆದಿದೆ. ಅದರ ಎಡಕ್ಕೆ ಲಕ್ಷ್ಮಿ ಟೇಲರ್ಸ್, ಎದುರಿಗೆ ಬಸವ ಕಿರಾಣಿ. ಲಕ್ಷ್ಮಿಯೂ ಬಸವನೂ ಹೆಸರಾದರೆ ಆರ್ಗಾನ್ ಯಾಕೆ ಹೆಸರಲ್ಲ? ನಮ್ಮ ಕಡೆ ಇರ್ಫಾನ್ ಇದ್ದಾರೆ, ಅರ್ಮಾನ್ ಇದ್ದಾರೆ. ಅವರ ನಡುವೆ ಒಬ್ಬ ಆರ್ಗಾನ್ ಇದ್ದರೆ ಏನು ಅಡ್ಡಿ? ಅಂಗಡಿಯವರಿಗೆ ಕುರುಚಲು ಗಡ್ಡ, ಕಿಡಿ ತಾಗಬಾರದೆಂದು ತಲೆಗೆ ಕಟ್ಟಿದ ಬಿಳಿ ಅರಿವೆ, ಬಾಯಲ್ಲಿ ಅರ್ಧ ಕನ್ನಡ, ಅರ್ಧ ದಖನಿ ಉರ್ದು. ರಾಯಚೂರು ಸೀಮೆಯಲ್ಲಿ ಅರ್ಧ ಜನ ಹಾಗೆಯೇ ಮಾತಾಡುತ್ತಾರೆಂಬುದು ನನಗೆ ಆಗ ಹೊಳೆಯಲಿಲ್ಲ.

ಹನ್ನೊಂದು ವರ್ಷದ ಹಿಂದೆ ನಮ್ಮ ಗೇಟಿನ ಚಿಲಕ ಕಿತ್ತಾಗ ಮೊದಲ ಸಲ ಅಲ್ಲಿಗೆ ಹೋಗಿದ್ದೆ. "ಆರ್ಗಾನ್ ಭಾಯಿ, ಸ್ವಲ್ಪ ನಮ್ಮ ಗೇಟು ನೋಡಬೇಕಲ್ರೀ" ಎಂದೆ. ಅವರು ಮುಖವಾಡ ಎತ್ತಿ ನನ್ನನ್ನು ನೋಡಿದರು. ತಿರುಗಿ ತಮ್ಮ ಬೆನ್ನ ಹಿಂದೆ ನೋಡಿದರು. ಆಮೇಲೆ "ಬಂದೆ ಅಕ್ಕೋರ" ಎಂದರು. ಬೆನ್ನ ಹಿಂದೆ ನೋಡಿದ್ದನ್ನೂ ನಾನು ಡೈರಿಯಲ್ಲಿ ಬರೆದಿದ್ದೇನೆ: 'ಎಚ್ಚರದ ಮನುಷ್ಯ. ಕಿಡಿ ಎಲ್ಲಿ ಬಿತ್ತೆಂದು ನೋಡಿಕೊಳ್ಳುತ್ತಾರೆ.'

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಏನು ಮುರಿದರೂ ಆರ್ಗಾನ್ ಭಾಯಿ. ಒಮ್ಮೆ ರಾಯಚೂರಿಗೆ ಹೋದಾಗ ಸ್ಟೇಷನ್ ರಸ್ತೆಯ ಹತ್ತಿರ 'ಇಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡಲಾಗುವುದು' ಎಂಬ ಬೋರ್ಡು ಕಂಡಿತು. ಭಲೇ, ಊರಿನವರು ಪಟ್ಟಣದಲ್ಲೂ ಶಾಖೆ ತೆರೆದರಲ್ಲ ಎಂದು ಎದೆಯುಬ್ಬಿತು. ಮರುವರ್ಷ ದೇವದುರ್ಗದ ಬಸ್‌ಸ್ಟ್ಯಾಂಡ್ ಹಿಂದೆಯೂ ಅಂಥದೇ ಬೋರ್ಡು. ಬಂದವಳೇ ಅಂಗಡಿಗೆ ಹೋಗಿ, "ಭಾಯಿ, ದೇವದುರ್ಗದಾಗೂ ಅಂಗಡಿ ಹಾಕೀರಿ, ಹೇಳೇ ಇಲ್ಲ!" ಎಂದು ಅಭಿನಂದಿಸಿದೆ. ಅವರು ನೆಲ ನೋಡುತ್ತ, "ಎಲ್ಲಾ ನಿಮ್ಮಂಥವರ ಆಶೀರ್ವಾದರೀ" ಎಂದರು. ವಿನಯ ಎಂದರೆ ಇದು ಎಂದು ಆ ರಾತ್ರಿ ಬರೆದುಕೊಂಡೆ.

ಪ್ರತಿ ರಂಜಾನಿಗೆ ಈದ್ ಮುಬಾರಕ್ ಹೇಳಿದ್ದೇನೆ. "ಸುರಕುಂಬಾ ಎಲ್ಲಿ ಭಾಯಿ?" ಎಂದು ಸಲಿಗೆಯಿಂದ ಕೇಳಿಯೂ ಇದ್ದೇನೆ. ಸಂಜೆ ಆ ಶ್ಯಾವಿಗೆ ಪಾಯಸದ ಒಂದು ಸ್ಟೀಲಿನ ಡಬ್ಬಿ ಬರುತ್ತಿತ್ತು, ಮೇಲೆ ಗೋಡಂಬಿ ತೇಲುತ್ತ. ಒಂದು ಶನಿವಾರ ಅವರು ಹನುಮಪ್ಪನ ಗುಡಿಯಿಂದ ಕಾಯಿ ಒಡೆಸಿಕೊಂಡು ಬರುತ್ತಿದ್ದುದನ್ನು ಕಂಡೆ. ನನಗೂ ಒಂದು ಹೋಳು ಕೊಟ್ಟರು. ಡೈರಿಯಲ್ಲಿ: 'ಎಂಥ ದೊಡ್ಡ ಮನಸ್ಸು! ನಮ್ಮ ದೇವರಿಗೂ ನಡೆದುಕೊಳ್ಳುತ್ತಾರೆ.' ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದಿದ್ದೇನೆ ನೋಡಿ. ಬಿಟ್ಟಿದ್ದು ಅದರ ಅರ್ಥವೊಂದನ್ನೇ.

ಈ ಬೇಸಿಗೆಯಲ್ಲಿ ನಮ್ಮ ಶಾಲೆಯ ಸ್ಟೀಲಿನ ನೀರಿನ ಟಾಕಿ ಸೋರತೊಡಗಿತು. ಮೂವರು ಬಂದು ಬೆಸುಗೆ ಹಾಕಿ ಹೋದರೂ ವಾರದಲ್ಲಿ ಮತ್ತೆ ಕಣ್ಣೀರು. ಕೊನೆಗೆ ಭಾಯಿ ಒಂದು ಭಾನುವಾರ ಎತ್ತರದ ಸಿಲಿಂಡರನ್ನು ತಳ್ಳುಬಂಡಿಯಲ್ಲಿ ತಂದು, ದಿನವಿಡೀ ಕೂತು ಸರಿಮಾಡಿಕೊಟ್ಟರು. ಕೂಲಿ ಬೇಡವೆಂದರು. ಅದಕ್ಕೆ ಹೆಡ್ಮಾಸ್ತರರು ಟಾಕಿಯ ಮೇಲೆ ಅವರ ಹೆಸರಿನದೊಂದು ಫಲಕ ಕೂಡಿಸಿ, ನಾಲ್ಕು ಜನರೆದುರು ಶಾಲು ಹೊದಿಸೋಣ ಎಂದರು. ಫಲಕದ ಒಕ್ಕಣೆ ಕನ್ನಡ ಟೀಚರದಲ್ಲದೆ ಮತ್ತಾರದು? 'ಈ ನೀರಿನ ಸೇವೆ ಶ್ರೀ ಆರ್ಗಾನ್ ಭಾಯಿ ಅವರಿಂದ' ಎಂದು ಬರೆದು, ರಾಯಚೂರಿನಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುವವರ ಹತ್ತಿರ ದಪ್ಪ ಸ್ಟೀಲಿನ ಹಲಗೆಯಲ್ಲಿ ಆಳವಾಗಿ ಕೊರೆಸಿ ತಂದೆ. ಅಕ್ಷರ ಮುತ್ತಿನಂತೆ ಬಂದಿದ್ದವು. ಕಾರ್ಯಕ್ರಮ ಶುಕ್ರವಾರ ಬೆಳಿಗ್ಗೆ.

ಗುರುವಾರ ವಿಜ್ಞಾನದ ಟೀಚರು ತರಬೇತಿಗೆ ಹೋಗಿದ್ದರು. ಅವರ ತರಗತಿಯಲ್ಲಿ ಗದ್ದಲವಾಗದಂತೆ ಕೂರಲು ನನ್ನನ್ನು ಕಳಿಸಿದರು. ಲೈಬ್ರರಿಯ ಕಪಾಟಿನಿಂದ ಒಂದು ತೆಳ್ಳನೆಯ ಪುಸ್ತಕ ತೆಗೆದುಕೊಂಡು ಹೋಗಿ ಗಟ್ಟಿಯಾಗಿ ಓದತೊಡಗಿದೆ. ಗಾಳಿಯಲ್ಲಿ ಅಡಗಿದ್ದ ಅನಿಲಗಳನ್ನು ಒಂದರ ಹಿಂದೊಂದರಂತೆ ಪತ್ತೆಹಚ್ಚಿದ ರಸಾಯನ ವಿಜ್ಞಾನಿಯೊಬ್ಬನ ಕಥೆ. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೆಸರಿನ ವಿಷಯದಲ್ಲಿ ನನ್ನ ಮೇಲೆ ನನಗೇ ಭರವಸೆ ಹೋಗಿದೆ.

ಸ್ಕಾಟ್ಲೆಂಡಿನವನು. ತನಗೆ ಬೇಕಾದ ಗಾಜಿನ ನಳಿಗೆಗಳನ್ನು ತಾನೇ ಊದಿ ಮಾಡಿಕೊಳ್ಳುವಷ್ಟು ಕೈಗೆಲಸದವನು. ನಮ್ಮ ದೇಶಕ್ಕೂ ಬಂದು, ವಿಜ್ಞಾನದ ದೊಡ್ಡ ಸಂಸ್ಥೆಯೊಂದು ಬೆಂಗಳೂರಿನಲ್ಲಾಗಲಿ ಎಂದು ಬೆರಳು ತೋರಿಸಿ ಹೋದವನಂತೆ. ಅವನ ಜೊತೆಗಾರನೊಬ್ಬ ತೂಗಿ ನೋಡಿದಾಗ, ಗಾಳಿಯಿಂದ ತೆಗೆದ ನೈಟ್ರೋಜನ್ನು ಬೇರೆ ವಸ್ತುಗಳಿಂದ ತೆಗೆದ ನೈಟ್ರೋಜನ್ನಿಗಿಂತ ಒಂದು ಚೂರು ಹೆಚ್ಚು ತೂಗಿತು. ಎಷ್ಟು? ತೂಕದ ತಪ್ಪು ಎಂದು ಯಾರಾದರೂ ಕೈಬಿಡುವಷ್ಟು ಸಣ್ಣದು. ಇವನು ಬಿಡಲಿಲ್ಲ. ಗಾಳಿಯ ನೈಟ್ರೋಜನ್ನನ್ನು ಕಾದ ಮೆಗ್ನೀಸಿಯಮ್ಮಿನ ಮೇಲೆ ಮತ್ತೆ ಮತ್ತೆ ಹಾಯಿಸಿ, ಅದನ್ನೆಲ್ಲ ಆ ಲೋಹಕ್ಕೆ ಉಣ್ಣಿಸಿ ಮುಗಿಸಿದ. ಕೊನೆಗೆ ಸ್ವಲ್ಪ ಗಾಳಿ ಉಳಿಯಿತು. ಅದು ಯಾವುದರ ಜೊತೆಗೂ ಸೇರದು, ಉರಿಯದು, ಉರಿಸದು. ಇದಕ್ಕಿಂತ ನೂರು ವರ್ಷ ಮೊದಲೇ ಇನ್ನೊಬ್ಬ ವಿಜ್ಞಾನಿ ಇಂಥದೇ ಸಣ್ಣ ಗುಳ್ಳೆಯನ್ನು ಕಂಡು ಬರೆದಿಟ್ಟಿದ್ದನಂತೆ. ಬರೆದಿಟ್ಟ, ಅಷ್ಟೇ. ನನ್ನ ಜಾತಿಯವನು.

ಇಲ್ಲಿಯವರೆಗೆ ಸುಖವಾಗಿ ಓದಿದೆ. ಮುಂದಿನ ಸಾಲು ಹೀಗಿತ್ತು: ಏನೂ ಕೆಲಸ ಮಾಡದ ಈ ಅನಿಲಕ್ಕೆ ಅವನು ಗ್ರೀಕ್ ಭಾಷೆಯಲ್ಲಿ 'ಸೋಮಾರಿ' ಎಂಬ ಅರ್ಥ ಬರುವಂತೆ ಆರ್ಗಾನ್ ಎಂದು ಹೆಸರಿಟ್ಟ.

ನನ್ನ ದನಿ ಅಲ್ಲೇ ನಿಂತಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, ನಾನು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದೇನೆಂದು ತಿಳಿದು, ಸಹಾಯಕ್ಕೆ ಬಂದಳು.

"ಟೀಚರ್, ಅದು ನಮ್ಮ ಟಾಕಿಗೆ ಬೆಸುಗಿ ಹಾಕಿದ ಗ್ಯಾಸ್ ರೀ. ಮಾರೆಪ್ಪ ಕಾಕಾನ ಅಂಗಡಿ ಮ್ಯಾಲೆ ಬರದದ ನೋಡ್ರಿ."

"ಯಾವ ಮಾರೆಪ್ಪ?"

"ಅದೇರೀ, ನೀವು ಭಾಯಿ ಭಾಯಿ ಅಂತೀರಲ್ಲ, ಅವ್ರೇ."

ಇಡೀ ತರಗತಿ ಕಿಸಕ್ಕೆಂದಿತು. ಅಂದರೆ ಮಕ್ಕಳಿಗೆಲ್ಲ ಗೊತ್ತಿತ್ತು! ಕುರ್ಚಿಯ ಕೈ ಹಿಡಿದು ಕುಳಿತೆ. ಒಂದೇ ಏಟಿನಲ್ಲಿ ಎಷ್ಟು ಏಟು! ಆರ್ಗಾನ್ ಮನುಷ್ಯನಲ್ಲ. ಭಾಯಿ ಭಾಯಿಯಲ್ಲ. ರಾಯಚೂರಿನ ಶಾಖೆ, ದೇವದುರ್ಗದ ಶಾಖೆ ಯಾವುದೂ ಇಲ್ಲ. ಮಾನ್ವಿಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವ ಮನುಷ್ಯನನ್ನು ಹನ್ನೊಂದು ವರ್ಷ ಬೀದಿಯಲ್ಲಿ ನಿಂತು 'ಸೋಮಾರಿ ಭಾಯಿ' ಎಂದು ಕೂಗಿದ್ದೇನೆ. ಅದನ್ನೇ ಸ್ಟೀಲಿನಲ್ಲಿ ಕೊರೆಸಿ, ವೃತ್ತಪತ್ರಿಕೆಯಲ್ಲಿ ಸುತ್ತಿ, ಸ್ಟಾಫ್ ರೂಮಿನ ಕಪಾಟಿನಲ್ಲಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ಅದರ ಮೇಲಿನ ಅರಿವೆ ಸರಿಯುತ್ತದೆ. ಉಸಿರು ಜೋರಾಗಿ ಎಳೆದುಕೊಂಡೆ. ಗಾಳಿಯಲ್ಲಿ ನೂರಕ್ಕೆ ಒಂದು ಪಾಲು ಆರ್ಗಾನ್ ಎಂದು ಪುಸ್ತಕದಲ್ಲಿತ್ತು. ಉಸಿರಾಡಲಿಕ್ಕೂ ನಾಚಿಕೆಯಾಯಿತು.

ಶಾಲೆ ಬಿಟ್ಟೊಡನೆ ಹಲಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಂಗಡಿಗೆ ಓಡಿದೆ. ಅವರು ಯಾರದೋ ಮನೆಯ ಸ್ಟೀಲಿನ ಕೊಳವೆ ಬೆಸೆಯುತ್ತಿದ್ದರು. ಒಳಗೋಡೆಯ ಮೇಲೆ ಒಂದು ಕಡೆ ಹನುಮಪ್ಪ, ಅದರ ಪಕ್ಕದಲ್ಲಿ ಬುದ್ಧನ ಸಣ್ಣ ಪಟ. ಹನ್ನೊಂದು ವರ್ಷ ಇವು ಎಲ್ಲಿದ್ದವು? ಅಲ್ಲೇ ಇದ್ದವು, ಹೊಗೆ ಹಿಡಿದು ಕಪ್ಪಾಗಿ.

"ನಿಮ್ಮ ಹೆಸರು ಮಾರೆಪ್ಪ ಏನ್ರೀ?" ಎಂದೆ.

ಅವರು ಮುಖವಾಡ ಎತ್ತಿದರು. ಕಳ್ಳತನ ಸಿಕ್ಕಿಬಿದ್ದವರ ಹಾಗೆ ಮುಖ ಸಣ್ಣದಾಯಿತು. ತಪ್ಪು ನನ್ನದು, ಮುಖ ಅವರದು!

"ಹ್ಞೂಂ ರೀ ಅಕ್ಕೋರ. ಯಾರು ಹೇಳಿದ್ರು?"

"ನೀವ್ಯಾಕ ಹೇಳಲಿಲ್ಲ?"

"ಮೊದಲನೇ ದಿನ ಹಿಂದ ಯಾರಿಗೋ ಕರದ್ರಿ ಅಂದ್ಕೊಂಡೆ. ಮುಂದ ಹೇಳಬೇಕಂದಾಗ ನೀವು ಈದ್ ಮುಬಾರಕ್ ಅಂದ್ರಿ. ಅಷ್ಟು ಖುಷೀಲೆ ಅಂದ್ರಿ, ನಾ ಅವನಲ್ಲ ಅಂತ ಹೆಂಗ ಅನ್ಲಿ? ಎರಡು ವರ್ಷ ಆದ ಮ್ಯಾಲೆ ಹೇಳಿದ್ರ ನಿಮಗ ನಾಚಿಕಿ ಆಗ್ತಿತ್ತು. ಇರ್ಲಿ ಅಂತ ಬಿಟ್ಟೆ."

"ಮತ್ತ ಆ ಸುರಕುಂಬಾ?"

"ಬಾಜೂಕ ಪಂಕ್ಚರ್ ಅಂಗಡಿ ಚಾಚಾನ ಮನೀದು. ಈದ್ ಬಂತಂದ್ರ ಅವ್ನೇ ಕೇಳ್ತಾನ, 'ಕ್ಯಾ ಮಾರೆಪ್ಪಾ, ಟೀಚರಮ್ಮನ ಡಬ್ಬಿ ಎಲ್ಲಿ' ಅಂತ."

ಪಕ್ಕದ ಅಂಗಡಿಯಿಂದ ಒಂದು ಕೆಮ್ಮು ಕೇಳಿಸಿತು. ನಗು ತಡೆದ ಕೆಮ್ಮು. ಬೀದಿಯೇ ಈ ನಾಟಕದಲ್ಲಿ ಪಾತ್ರ ಮಾಡಿತ್ತು. ಪ್ರೇಕ್ಷಕಿ ನಾನೊಬ್ಬಳೇ.

ಹಲಗೆ ಬಿಚ್ಚಿ ತೋರಿಸಿದೆ. ಅವರು ಅದರ ಮೇಲೆ ಕೈಯಾಡಿಸಿ, "ಅಕ್ಷರ ಭಾರಿ ಬಂದಾವ. ಇರ್ಲಿ ಬಿಡ್ರಿ, ನೀರು ಸೋರದಿದ್ರ ಸಾಕು" ಎಂದರು. ಆಮೇಲೆ "ಆದ್ರ..." ಎಂದು ಹಲಗೆಯನ್ನು ಕೆಳಗಿಟ್ಟರು.

"ಏನು ಹೇಳ್ರಿ."

"ನಾಳಿ ನಮ್ಮವ್ವ ಬರಾಕತ್ತಾಳ್ರೀ, ಕವಿತಾಳದಿಂದ. ಆಕಿಗೆ ಓದಾಕ ಬರಂಗಿಲ್ಲ. ಆದ್ರ 'ಮಾ' ಒಂದು ಗೊತ್ತದ. ನನ್ನ ಹೆಸರಿಂದು ಅಂತ ಸಾಲಿಗೆ ಹೋಗೋವಾಗ ನಾನೇ ಕಲಿಸಿದ್ದೆ. ಬಸ್ಸಿನ ಬೋರ್ಡಿನ್ಯಾಗ ಮಗನ ಅಕ್ಷರ ಇತ್ತಂದ್ರ ಅದು ಮಾನ್ವಿ ಬಸ್ಸು ಅಂತ ಹತ್ತತಾಳ. ನಾಳಿ ಅರಿವಿ ತಗದ ಕೂಡ್ಲೆ 'ಮಾ' ಹುಡುಕ್ತಾಳ್ರೀ."

ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ನಾನು, ಒಂದೇ ಅಕ್ಷರ ಬಲ್ಲ ಆ ತಾಯಿಯ ಎದುರು ಅದನ್ನೇ ಇಲ್ಲವಾಗಿಸಲು ಹೊರಟಿದ್ದೆ. ಆ ಗಳಿಗೆಯ ದಿಗ್ಭ್ರಮೆಯೇ ದೊಡ್ಡದು. ಮಧ್ಯಾಹ್ನ ತರಗತಿಯಲ್ಲಿ ಆದದ್ದು ಬರೀ ಅವಮಾನ.

"ಹೊಸಾದು ಕೊರಸಾಕ ಇವತ್ತ ರಾಯಚೂರಿಗೆ ಹೋದ್ರ..." ಎಂದು ತೊದಲಿದೆ.

"ಯಾಕ್ರೀ? ತಪ್ಪು ಅಕ್ಷರ ತುಂಬಿಬಿಡೂಣು. ಕೂಡ್ರಿ."

ಅವರು ಸಿಲಿಂಡರಿನ ಕೀಲಿ ತಿರುಗಿಸಿದರು. ಸಣ್ಣಗೆ ಸುಯ್ ಎಂದಿತು. "ಇವನೇ ನೋಡ್ರಿ ನಿಮ್ಮ ಆರ್ಗಾನ್ ಭಾಯಿ. ಇವ ಏನೂ ಮಾಡಂಗಿಲ್ಲ. ಬೆಸುಗಿ ಸುತ್ತ ಸುಮ್ನ ನಿಂದರ್ತಾನ. ಅವ ನಿಂತ್ರ ಹೊರಗಿನ ಗಾಳಿ ಬಿಸಿ ಸ್ಟೀಲಿಗೆ ತಾಗಂಗಿಲ್ಲ. ತಾಗ್ತಂದ್ರ ಕರ್ರಗಾಗಿ, ತೂತು ಬಿದ್ದು ಸೋರ್ತದ. ಕಣ್ಣು ಮುಚ್ಚಿಕೊಳ್ರಿ."

ಕಣ್ಣು ಮುಚ್ಚಿಕೊಂಡು ಕುಳಿತೆ. ರೆಪ್ಪೆಯ ಹಿಂದೆ ನೀಲಿ ಬೆಳಕು. ಆ ವಿಜ್ಞಾನಿಯ ನೆನಪಾಯಿತು. ಮುಂದೆ ಅವನು ಗಾಳಿಯನ್ನೇ ತಣಿಸಿ ದ್ರವವಾಗಿಸಿ ಇನ್ನೂ ಮೂರು ಅನಿಲಗಳನ್ನು ಹಿಡಿದ. ನಮ್ಮಲ್ಲಿ ಹೊಸೂರು ಎಂದು ಹೆಸರಿಡುವ ಹಾಗೆ ಒಂದಕ್ಕೆ 'ಹೊಸದು' ಎಂದ, ನಿಯಾನ್. ಇನ್ನೊಂದಕ್ಕೆ 'ಅಡಗಿದ್ದು', ಕ್ರಿಪ್ಟಾನ್. ಮತ್ತೊಂದಕ್ಕೆ 'ಪರಸ್ಥಳದ್ದು', ಝೆನಾನ್. ಸೂರ್ಯನಲ್ಲಿ ಮಾತ್ರ ಇದೆಯೆಂದುಕೊಂಡಿದ್ದ ಹೀಲಿಯಮ್ಮನ್ನು ಕಲ್ಲಿನೊಳಗಿಂದ ಹೊರಡಿಸಿದ. ಇಷ್ಟರಲ್ಲಿ ಒಂದಕ್ಕೂ ತನ್ನ ಹೆಸರಿಡಲಿಲ್ಲ. ಆದರೆ ಸೋಮಾರಿ ಎಂದದ್ದು ಮಾತ್ರ ಅವಸರವಾಯಿತೇನೋ. ಸುಮ್ಮನೆ ನಿಲ್ಲುವುದೂ ಕೆಲಸವೆಂದು ತಿಳಿಯಲು ಅವನು ಈ ತಗಡಿನ ಅಂಗಡಿಯಲ್ಲಿ ಒಂದು ಸಂಜೆ ಕೂರಬೇಕಿತ್ತು. ಹನ್ನೊಂದು ವರ್ಷ ಒಬ್ಬರು ನನ್ನ ತಪ್ಪಿನ ಸುತ್ತ ಸುಮ್ಮನೆ ನಿಂತಿದ್ದರು, ನನಗೆ ಹೊರಗಿನ ಗಾಳಿ ತಾಗದ ಹಾಗೆ.

ತುಂಬಿದ ಜಾಗವನ್ನು ಉಜ್ಜಿ ನುಣುಪು ಮಾಡಿದರು. ಮಾನ್ವಿಯ ಬಜಾರಿನ ಪಾತ್ರೆ ಅಂಗಡಿಯಲ್ಲಿ, ಬಾಗಿಲು ಹಾಕುವ ಮೊದಲು, ಹೊಸ ಹೆಸರು ಕೊರೆಸಿದೆ. ಪ್ರತಿ ಅಕ್ಷರವನ್ನು ಮೂರು ಸಲ ಓದಿದೆ.

ಶುಕ್ರವಾರ ಅರಿವೆ ಸರಿಯಿತು. ಇಳಕಲ್ ಸೀರೆಯ ಮುದುಕಿ ಯಾರನ್ನೂ ಕೇಳದೆ ಮುಂದೆ ಬಂದು, ಹಲಗೆಯ ಮೇಲೆ ಬೆರಳಿಟ್ಟು ಹುಡುಕಿ, 'ಮಾ' ಮೇಲೆ ನಿಲ್ಲಿಸಿದಳು. "ಇದ ನೋಡು. ಬಸ್ಸಿನ್ಯಾಗಿಂದು ಇಲ್ಲೂ ಅದ" ಎಂದಳು.

ನನ್ನ ನಾಲಿಗೆಗೆ ಹನ್ನೊಂದು ವರ್ಷದ ರೂಢಿ. ಮೈಕಿನಲ್ಲಿ ಎಲ್ಲರೆದುರು, "ಈಗ ಆರ್ಗಾನ್ ಭಾಯಿ ಎರಡು ಮಾತಾಡಬೇಕು" ಎಂದುಬಿಟ್ಟೆ. ಮಕ್ಕಳು ಹೋ ಎಂದರು. ಅವರು ಮಾತ್ರ ಎಂದಿನಂತೆ "ಬಂದೆ ಅಕ್ಕೋರ" ಎಂದು ಎದ್ದರು.

"ಯಾರಲೇ ಅವ, ಆರ್ಗಾನ?" ಎಂದಳು ಮುದುಕಿ.

"ನನ್ನ ಜೋಡಿ ಕೆಲಸಕ್ಕ ಇರ್ತಾನ ಯವ್ವಾ. ಸುಮ್ನ ನಿಂತಿರ್ತಾನ. ಅವ ಇಲ್ಲಂದ್ರ ಎಲ್ಲಾ ಸುಟ್ಟು ಹೋಗ್ತದ."

ಮುದುಕಿ ನನ್ನ ಕಡೆ ತಿರುಗಿ ಗದರಿದಳು: "ಹಂಗಿದ್ರ ಅವನ ಹೆಸರೂ ಹಾಕಬೇಕಿಲ್ಲೇನವಾ? ಎಂಥ ಟೀಚರ್ ನೀನು!"

ಹಾಕಿಯೇ ಇದೆ. ಬೆಳಿಗ್ಗೆ ಬಿಸಿಲು ಓರೆಯಾಗಿ ಬಿದ್ದಾಗ ಮಾರೆಪ್ಪ ಎಂಬ ಅಕ್ಷರಗಳ ಕೆಳಗೆ, ತುಂಬಿ ಉಜ್ಜಿದ ಜಾಗದಲ್ಲಿ, ಹಳೆಯ ಹೆಸರಿನ 'ಆ' ತೆಳ್ಳಗೆ ಕಾಣುತ್ತದೆ. ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಈ ಸಲ ಅರ್ಥದ ಸಮೇತ.