ಬಾಗಿಲ ಹಿಂದೆ ನಿಂತು ಕಲಿತವಳು

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟಿರುವ ಶಿವಶರಣಪ್ಪ ಇಪ್ಪತ್ತು ವರ್ಷ ದವಾಖಾನೆಗಳಿಗೆ ಸಾಮಾನು ಮಾರಿದ. ಈಗ ದವಾಖಾನೆಯೇ ಮನೆಗೆ ಹೊರಟಿದೆ. ತಲೆಯ ಕಡೆ ಎತ್ತುವ ಮಂಚ, ಗಾಳಿಹಾಸಿಗೆ, ಆಕ್ಸಿಜನ್ ಮಷಿನ್ನು ಬೇಕೆಂದು ಅಥಣಿ ರಸ್ತೆಯ ಹೊಸ ಬಡಾವಣೆಗಳಿಂದ, ತಿಕೋಟಾದ ದ್ರಾಕ್ಷಿ ತೋಟದ ಮನೆಗಳಿಂದ ಫೋನು ಬರುತ್ತದೆ. ಯಂತ್ರ ಮನೆಗೆ ಬರುತ್ತದೆ, ನರ್ಸು ಬರುವುದಿಲ್ಲ. ಡಬ್ಬದೊಳಗಿನ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ಮಾಡಿ ಮಾರಿದವರ ಹೊಣೆ ಅಲ್ಲಿಗೆ ಮುಗಿಯಿತು. ಇನ್ನು ರೋಗಿಯ ಉಸಿರು ಯಾರ ಪಾಲಿಗೆ ಎಂದು ಕೇಳಿ ನೋಡಿ, ಎಲ್ಲರೂ ಅಡುಗೆಮನೆಯ ಕಡೆ ಕೈ ತೋರಿಸುತ್ತಾರೆ.

ಅವತ್ತು ಅವನು ಬಬಲೇಶ್ವರದ ಒಂದು ಮನೆಯಲ್ಲಿ ಮಂಚದ ಬೋಲ್ಟು ಬಿಗಿಯುತ್ತಿದ್ದಾಗ ತಿಕೋಟಾದಿಂದ ರಾಚವ್ವ ಫೋನು ಮಾಡಿದಳು. ವರ್ಷಗಟ್ಟಲೆ ಗಂಧಕದ ಹೊಗೆಯಲ್ಲಿ ನಿಂತು ಒಣದ್ರಾಕ್ಷಿ ಮಾಡಿ ಅವಳ ಗಂಡ ಗೊಲ್ಲಾಳಪ್ಪನ ಎದೆ ಕೆಟ್ಟಿತ್ತು. ಇಪ್ಪತ್ತು ದಿನದ ಹಿಂದಷ್ಟೇ ದವಾಖಾನೆಯಿಂದ ಆಕ್ಸಿಜನ್ ಮಷಿನ್ನಿನ ಸಮೇತ ಮನೆಗೆ ಬಂದಿದ್ದ.

"ಅಣ್ಣಾರ, ಮಷಿನ್ನು ಚೀರಾಕತ್ತೈತ್ರಿ. ಬೆರಳಿಗೆ ಹಾಕೂದು ಎಂಬತ್ನಾಕು ತೋರಸ್ತು."

ರಕ್ತದ ಆಕ್ಸಿಜನ್ ತೊಂಬತ್ತರ ಕೆಳಗಿಳಿದರೆ ಜೀವಕ್ಕೆ ಕುತ್ತು. ಮೈದುನ ರಾಹುಲನಿಗೆ ಫೋನು ಕೊಡು ಎಂದ. ಅವನು ವಿಜಯಪುರಕ್ಕೆ ಹೋಗಿದ್ದಾನೆ ಎಂದಳು. ಯಂತ್ರ ಕೂಡಿಸಿದ ದಿನ ಶಿವಶರಣಪ್ಪ ಎಲ್ಲವನ್ನೂ ಹೇಳಿಕೊಟ್ಟದ್ದು ರಾಹುಲನಿಗೆ ಮಾತ್ರ. ಹೊರಗಿನ ಗಂಡಸು ಬಂದರೆ ಹೆಂಗಸರು ಬಾಗಿಲ ಮರೆಗೆ ಸರಿಯುವುದು ಆ ಮನೆಯ ರೀತಿ; ಬಂದವನು ಗಂಡಸರೊಡನೆ ಮಾತಾಡಿ ಎದ್ದು ಹೋಗುವುದು ಇವನ ರೀತಿ. ಉಣಿಸಿ, ಒರೆಸಿ, ಪಕ್ಕಕ್ಕೆ ಹೊರಳಿಸಿ ಕಾಯುವವಳು ಒಬ್ಬಳು, ಪಾಠ ಇನ್ನೊಬ್ಬನಿಗೆ. ಇಂಥ ತಪ್ಪಿಗೆ ಯಾವ ಕಂಪನಿಯನ್ನು ಬಯ್ಯುವುದು?

ಮಷಿನ್ನು ನಿಂತರೆ ಇರಲೆಂದು ಮೂಲೆಯಲ್ಲಿಟ್ಟಿದ್ದ ಸಣ್ಣ ಆಕ್ಸಿಜನ್ ಸಿಲಿಂಡರಿನ ಚಾವಿ ಹೇಗೆ ತಿರುವಬೇಕೆಂದು ತಡವರಿಸುತ್ತ ಹೇಳತೊಡಗಿದ. ಅವಳು ನಡುವೆಯೇ ತಡೆದಳು.

"ಆಗಲೇ ಹಚ್ಚೀನ್ರಿ. ಮುಳ್ಳು ಅರ್ಧಕ್ಕ ಬಂದೈತಿ. ಲಗೂ ಬರ್ರಿ."

ಬೈಕು ಹೇಗೆ ಓಡಿಸಿದನೋ ಅವನಿಗೇ ನೆನಪಿಲ್ಲ. ಒಳಗೆ ಕಾಲಿಟ್ಟಾಗ ಸಿಲಿಂಡರಿನ ಮುಳ್ಳು ತಳ ಮುಟ್ಟುವುದರಲ್ಲಿತ್ತು. ರಾಚವ್ವ ಗೊಲ್ಲಾಳಪ್ಪನನ್ನು ಎಬ್ಬಿಸಿ ಕೂಡಿಸಿ, ಎದೆಗೆ ದಿಂಬು ಕೊಟ್ಟು ಮುಂದಕ್ಕೆ ಬಾಗಿಸಿದ್ದಳು. ಬೆರಳಿನ ಮೇಲೆ ತೊಂಬತ್ತೊಂದು. ಮಷಿನ್ನಿನ ಹಣೆಗೆ ಕುಂಕುಮವಿತ್ತು, ಪಕ್ಕದಲ್ಲಿ ಕೌದಿ ಬಿದ್ದಿತ್ತು. ಮನೆಗೆ ಬಂದ ಹೊಸ ಸಾಮಾನಿಗೆ ಧೂಳು ತಾಗಬಾರದೆಂದು ತಾನೇ ಹೊದಿಸಿದ್ದೆ, ಮುಟ್ಟಿದರೆ ಕೆಂಡದಂತಿತ್ತು, ಅದಕ್ಕೂ ಉಸಿರು ಕಟ್ಟಿರಬೇಕೆಂದು ತೆಗೆದೆ, ಆದರೂ ಚೀರುವುದು ನಿಲ್ಲಲಿಲ್ಲ ಎಂದಳು.

"ಇದನ್ನೆಲ್ಲಾ ಯಾರು ಕಲಿಸಿದ್ರು ತಂಗಿ?"

"ನೀವಽ. ರಾಹುಲಗ ಹೇಳೂಮುಂದ ನಾ ಬಾಗಲ ಹಿಂದ ಇದ್ದೆ. ಮಷಿನ್ನಿನ ಹಿಂದಿಂದ ಏನೋ ತಗದು ತೋರಿಸಿದ್ರಿ, ಅದೊಂದು ಕಾಣಲಿಲ್ಲ. ನಿಮ್ಮ ಬೆನ್ನು ಅಡ್ಡ ಬಂದಿತ್ತು."

ಪದವಿ ಪಡೆದವರು ಇದೇ ಯಂತ್ರದೆದುರು ಬೆವರಿದ್ದನ್ನು ಶಿವಶರಣಪ್ಪ ಕಂಡಿದ್ದ. ಇವಳು ಒಂದು ಸಲ, ಅದೂ ಬಾಗಿಲ ಸಂದಿಯಿಂದ, ನೋಡಿ ಒಂದು ಜೀವ ಹಿಡಿದು ನಿಲ್ಲಿಸಿದ್ದಳು. ಅವನ ಬೆನ್ನು ಮುಚ್ಚಿದ್ದಷ್ಟೇ ಅವಳಿಗೆ ಗೊತ್ತಿರಲಿಲ್ಲ.

"ಇಕಿ ಬಾಗಲ ಹಿಂದ ನಿಂತ್ರ," ಗೊಲ್ಲಾಳಪ್ಪ ಏದುಸಿರಿನಲ್ಲೇ ಅಂದ, "ಮನ್ಯಾಗ ಏನೂ ಮುಚ್ಚಿಡಾಕ ಬರಂಗಿಲ್ರಿ."

ಶಿವಶರಣಪ್ಪ ಯಂತ್ರವನ್ನು ಅವಳ ಕಡೆ ತಿರುಗಿಸಿ, ತಾನು ಪಕ್ಕಕ್ಕೆ ಸರಿದ. ಹಿಂಬದಿಯ ಜಾಲರಿ ಬಿಚ್ಚಿದವಳು ಅವಳೇ. ಒಳಗೆ ಗಾಳಿ ಸೋಸುವ ಸ್ಪಂಜಿನ ತುಂಡಿನಲ್ಲಿ ಒಣದ್ರಾಕ್ಷಿ ಶೆಡ್ಡಿನ ಧೂಳು ಗೋಡೆಯಂತೆ ಗಟ್ಟಿಯಾಗಿತ್ತು. ಅವನ ಚೀಲದಲ್ಲಿದ್ದ ಹೊಸ ತುಂಡನ್ನು ಕೂಡಿಸಿ ಗುಂಡಿ ಒತ್ತಿದಳು. ಯಂತ್ರ ಚೀರಲಿಲ್ಲ. ನಳಿಗೆಯನ್ನು ಸಿಲಿಂಡರಿನಿಂದ ಮಷಿನ್ನಿಗೆ ಬದಲಿಸಿ ಮೂವರೂ ಆ ಬೆರಳನ್ನೇ ನೋಡುತ್ತ ಕುಳಿತರು. ತೊಂಬತ್ತೆರಡು. ಸ್ವಲ್ಪ ಹೊತ್ತಿಗೆ ತೊಂಬತ್ನಾಲ್ಕು.

ರಾಚವ್ವ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

"ನನಗ ತೋರಿಸದ್ದು ಇನ್ನೇನರ ಉಳದೈತೇನ್ರಿ, ಅಣ್ಣಾರ?"

"ಬಾಳ ಉಳದೈತಿ," ಎಂದ ಶಿವಶರಣಪ್ಪ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಪ್ಲಗ್ಗಿನಿಂದ ಶುರುಮಾಡಿದ.