ಬ್ಯಾರನ್ ಕಾಯುತ್ತಿದ್ದ ವಾರಗಿತ್ತಿ

ನನ್ನ ವಾರಗಿತ್ತಿಯ ಕೈಗಳು ಮೊಣಕೈವರೆಗೂ ಕಪ್ಪು. ಹುಟ್ಟಿನಿಂದ ಬಂದ ಬಣ್ಣವಲ್ಲ, ಹೊಗೆಸೊಪ್ಪಿನ ಅಂಟು. ಶ್ರಾವಣದಲ್ಲಿ ಸೊಪ್ಪು ಮುರಿಯಲು ಶುರು ಮಾಡಿದರೆ ದೀಪಾವಳಿ ಕಳೆಯುವವರೆಗೂ ಆ ಅಂಟು ಕೂತು, ಒಣಗಿ, ಬಿರಿದು, ಅದರ ಮೇಲೆ ಇನ್ನೊಂದು ಪದರ ಕೂರುತ್ತಿತ್ತು. ಸೀಮೆಎಣ್ಣೆ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದರೂ ಬಿಡುತ್ತಿರಲಿಲ್ಲ. ಆ ಕೈಯಲ್ಲಿ ಮುದ್ದೆ ಮುರಿದರೆ ಮೊದಲ ತುತ್ತು ಕಹಿ. ಅವಳು ಮುಖ ಕಿವಿಚದೆ ನುಂಗುತ್ತಿದ್ದಳು. ಅದೇ ಕೈಯಲ್ಲಿ ಯಾರ ಕೆನ್ನೆಗಾದರೂ ಬಿಟ್ಟರೆ ಐದು ಬೆರಳೂ ಕಪ್ಪಗೆ ಮೂಡುತ್ತಿದ್ದವು. ಆ ಗುರುತು ಹೊತ್ತುಕೊಂಡು ಬಸ್ ಸ್ಟ್ಯಾಂಡಿನವರೆಗೆ ನಡೆದ ಗಂಡಸರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತಿದ್ದೆ. ನಮ್ಮೂರು ಹಳ್ಳಿಮೈಸೂರಿನಿಂದ ಅರಕಲಗೂಡಿನ ಕಡೆ ಹೋಗುವಾಗ ಸಿಗುತ್ತದೆ. ನಾನು ಚನ್ನರಾಯಪಟ್ಟಣದ ತೆಂಗಿನ ಸೀಮೆಯಿಂದ ಮದುವೆಯಾಗಿ ಬಂದಾಗ ಭಾವ ಟ್ರ್ಯಾಕ್ಟರ್ ಮಗುಚಿ ತೀರಿಕೊಂಡಿದ್ದರು. ಅಕ್ಕನಿಗೆ ಮಕ್ಕಳಿರಲಿಲ್ಲ. ಹೊಲ, ಬ್ಯಾರನ್ನು, ತಂಬಾಕಿನ ಲೈಸೆನ್ಸು ಎಲ್ಲವೂ ಅವಳ ಹೆಸರಿಗೇ ಆಗಿದ್ದವು. ಬ್ಯಾರನ್ ಅಂದರೆ ಹಸಿ ಸೊಪ್ಪನ್ನು ಬೇಯಿಸಿ ಒಣಗಿಸುವ ಎತ್ತರದ ಮನೆ. ಒಲೆಯ ಬಾಯಿ ಹೊರಗಡೆ. ಒಳಗೆ ನೆಲದುದ್ದಕ್ಕೂ ಶಾಖ ಹರಿಯುವ ದಪ್ಪ ತಗಡಿನ ಕೊಳವೆ, ಅದರ ಮೇಲೆ ಮಾಡಿನವರೆಗೂ ಸಾಲು ಸಾಲಾಗಿ ಸೊಪ್ಪು ಕಟ್ಟಿದ ಕಡ್ಡಿಗಳು. ನಾನು ಅದನ್ನು ಮೊದಲ ಸಲ ನೋಡಿದಾಗ ಯಾವುದೋ ದೇವರಿಲ್ಲದ ಗುಡಿ ಅಂದುಕೊಂಡಿದ್ದೆ.

ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಒಳಗೆ ಏನಾಗುತ್ತಿದೆ ನೋಡೋಣ ಅಂತ ಬ್ಯಾರನ್ನಿನ ಬಾಗಿಲು ತೆಗೆದೆ. ಬೆನ್ನಿನ ಮೇಲೆ ಬೆಂಕಿ ಬಿದ್ದ ಹಾಗಾಯಿತು. ತಿರುಗಿ ನೋಡಿದರೆ ಅಕ್ಕ, ಕೈಯಲ್ಲಿ ಸೊಪ್ಪಿನ ಕಡ್ಡಿ. "ಬಾಗ್ಲು ಮುಚ್ಚೆ, ಬೇವರ್ಸಿ! ಎಲೆ ಈಗ್ತಾನೆ ಅಳ್ದಿ ಬಣ್ಣಕ್ಕೆ ತಿರುಗ್ತಾ ಅದೆ. ಗಾಳಿ ಬಡುದ್ರೆ ಬಣ್ಣ ಬಿಟ್ಬುಡ್ತದೆ." ಸಂಜೆ ತಾನೇ ಎಣ್ಣೆ ಕಾಯಿಸಿ ತಂದು ನನ್ನ ಬೆನ್ನಿಗೆ ಹಚ್ಚಿದಳು. ಕ್ಷಮೆ ಗಿಮೆ ಅವಳ ಬಾಯಲ್ಲಿ ಬರುವ ಮಾತಲ್ಲ. ಕೋಳಿ ಕುಯ್ದಿದ್ದಳು. "ಸೊಪ್ಪಿನ ಜೊತೆ ಅವಸರ ಮಾಡ್ಬ್ಯಾಡ ಕಣೆ. ಹಸೀದನ್ನ ಎದರಿಸ್ಬಾರ್ದು, ಮೆಲ್ಲಗೆ ಕಾಯಿಸ್ಬೇಕು" ಅಂದಳು. ಎಲೆಗೆ ತೋರಿಸುತ್ತಿದ್ದ ಆ ತಾಳ್ಮೆಯಲ್ಲಿ ಚೂರನ್ನೂ ಅವಳು ಮನುಷ್ಯರಿಗೆ ತೋರಿಸಿದ್ದನ್ನು ನಾನು ಕಾಣೆ.

ಸೊಪ್ಪು ಕಟ್ಟಲು ಬರುವ ಹೆಣ್ಣುಮಗಳೊಬ್ಬಳ ಸೆರಗಿಗೆ ಕೈ ಹಾಕಿದ ಟೆಂಪೊ ಡ್ರೈವರನನ್ನು ಅವಳು ಕಡ್ಡಿ ಮುರಿಯುವವರೆಗೂ ಹೊಡೆದಳು. ಮುರಿದ ಮೇಲೆ ಇನ್ನೊಂದು ತರಿಸಿದಳು. ಅವನು ಕಾಲಿಗೆ ಬಿದ್ದ. ಆ ಹುಡುಗಿಯ ಕಾಲಿಗೂ ಬೀಳಿಸಿದಳು. ಊರಲ್ಲಿ ಅವಳನ್ನು ಬಯ್ಯದವರಿಲ್ಲ. ಆದರೆ ಹೆಂಗಸರಿಗೆ ಏನಾದರೂ ಕಷ್ಟ ಬಂದರೆ ಮೊದಲು ಓಡಿ ಬರುತ್ತಿದ್ದದ್ದು ನಮ್ಮ ಬ್ಯಾರನ್ನಿನ ಹತ್ತಿರಕ್ಕೇ.

ಇನ್ನು ನನ್ನ ಗಂಡ. ಅವನನ್ನು ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ, ಓದಿದವರು ಏನು ಬೇಕಾದರೂ ಅಂದುಕೊಳ್ಳಲಿ. ಅವನಿಗೆ ಹಿರೀಸಾವೆಯ ಕಡೆ ರಸ್ತೆ ಬದಿಯ ಹೋಟೆಲೊಂದರಲ್ಲಿ ಒಬ್ಬನ ಸ್ನೇಹವಾಯಿತು. ಬುಲೆಟ್ ಬೈಕಿನಲ್ಲಿ ಬರುತ್ತಿದ್ದ, ಬೆರಳ ತುಂಬ ಉಂಗುರ. ಅವನು ಗಾಂಜಾ ಬೀಜ ಕೊಟ್ಟ. ನನ್ನ ಗಂಡ ಮುಸುಕಿನ ಜೋಳದ ನಡುವೆ ಹಾಕಿದ. ಜೋಳ ಆಳೆತ್ತರ ಬೆಳೆದಿತ್ತು. ಅಕ್ಕ ಇಡೀ ದಿನ ಸೊಪ್ಪಿನ ಹೊಲದಲ್ಲಿ, ನಾನು ಅಂಗನವಾಡಿಯಲ್ಲಿ. ನಮ್ಮಿಬ್ಬರಿಗೂ ವಾಸನೆ ಕೂಡ ಹತ್ತಲಿಲ್ಲ.

ಗಿಡ ಬಲಿತಾಗ ಆ ಬುಲೆಟ್‌ನವನು, ನೆರಳಲ್ಲಿ ತೂಗುಹಾಕಿ ಗಾಳಿಗೆ ಒಣಗಿಸು, ಬೆಂಕಿ ಬಿಸಿಲು ತೋರಿಸಬೇಡ ಅಂತ ಹೇಳಿದ್ದನಂತೆ. ಅದಕ್ಕೆ ನನ್ನ ಗಂಡ ನಕ್ಕು, "ನಾವು ಉಟ್ಟಿದಾಗ್ಲಿಂದ ಸೊಪ್ಪು ಬೇಯ್ಸೋರು. ನಮ್ಗೇ ಒಣಗ್ಸದು ಏಳ್ಕೊಡ್ತೀಯಾ?" ಅಂದನಂತೆ. ಇದನ್ನು ಆಮೇಲೆ ಅವನೇ ಅಳುತ್ತಾ ನನಗೆ ಹೇಳಿದ್ದು. ಹೊಗೆಸೊಪ್ಪಿನ ಸೀಮೆಯವರಿಗೆ ಇದೊಂದು ಜಂಬ. ಯಾವ ಎಲೆ ಕಂಡರೂ ಕಡ್ಡಿಗೆ ಕಟ್ಟು, ಬ್ಯಾರನ್ನಿಗೆ ಏರಿಸು, ಒಲೆ ಹಚ್ಚು.

ಅಕ್ಕ ತವರಿನ ತಿಥಿಗೆ ಅಂತ ದಂಡಿಗನಹಳ್ಳಿಗೆ ಹೋದಳು. ಅವಳು ಬಸ್ ಹತ್ತಿದ್ದೇ ತಡ, ಇವನು ಬಲಿತಿದ್ದ ಗಾಂಜಾ ಗಿಡಗಳನ್ನಷ್ಟೇ ಕಿತ್ತು ತಂದು ಕಡ್ಡಿಗೆ ಕಟ್ಟಿ, ಬ್ಯಾರನ್ನಿನ ಕೆಳಗಿನ ಸಾಲಿಗೆ, ಕೊಳವೆಗೆ ಹತ್ತಿರವಾಗಿ ಏರಿಸಿದ. ಮೇಲಿನ ಸಾಲುಗಳಲ್ಲಿ ನಮ್ಮ ಹಸಿ ಹೊಗೆಸೊಪ್ಪು. ಅಕ್ಕ ಬರುವುದರೊಳಗೆ ಮುಗಿಸಿಬಿಡಬೇಕು ಅಂತ ಒಲೆಗೆ ಸೌದೆ ಒಟ್ಟಿದ. ಹೊಗೆಸೊಪ್ಪಿನ ಎಲೆ ಒಣಗಿದರೂ ದಾರದಲ್ಲಿ ನಿಲ್ಲುತ್ತದೆ. ಇದು ಹಪ್ಪಳದ ಹಾಗೆ ಪುಡಿಪುಡಿಯಾಗಿ ಕಾದ ಕೊಳವೆಯ ಮೇಲೆ ಉದುರತೊಡಗಿತು.

ಮಾರನೆಯ ದಿನ ಅಕ್ಕ ಬಸ್ಸಿನಿಂದ ಇಳಿದಾಗ ನಾನು ರಸ್ತೆಯಲ್ಲೇ ಸಿಕ್ಕಿದೆ. ಅವಳು ಮೂಗು ಎತ್ತಿ ನಿಂತಳು. "ಏನೇ ಇದು? ನಮ್ ಸೊಪ್ಪಿನ ವಾಸ್ನೆ ಅಲ್ಲ ಇದು" ಅಂದವಳೇ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಓಡಿದಳು. ಬಾಗಿಲು ತೆಗೆದರೆ ಒಳಗೆ ಕೊಳವೆಯುದ್ದಕ್ಕೂ ಕೆಂಪಗೆ ಕಿಡಿ. ಒಲೆಯ ಬಾಯಿ ಮುಚ್ಚಿಸಿ, ಹಸಿ ಗೋಣಿಚೀಲ ಹೊದ್ದು ಒಳಗೆ ನುಗ್ಗಿ, ಕೆಳಗಿನ ಕಡ್ಡಿಗಳನ್ನೆಲ್ಲ ಕಿತ್ತು ಅಂಗಳಕ್ಕೆ ಎಸೆದಳು. ಬ್ಯಾರನ್ ಉಳಿಯಿತು. ಅವಳ ಹುಬ್ಬು ಸುಟ್ಟು ಹೋಗಿತ್ತು.

ಆಮೇಲೆ ಅಂಗಳದಲ್ಲಿ ಬಿದ್ದಿದ್ದನ್ನು ಕಾಲಿನಿಂದ ತಿರುಗಿಸಿ ನೋಡಿದಳು. ಗುರುತು ಸಿಕ್ಕಿತು. ನನ್ನ ಗಂಡ ಓಡಿ ಬಂದು ನನ್ನ ಬೆನ್ನ ಹಿಂದೆ ನಿಂತ, ಧೀರ! ಅವಳು ನನ್ನನ್ನು ಪಕ್ಕಕ್ಕೆ ತಳ್ಳಿ ಅವನ ಕೂದಲು ಹಿಡಿದು ಎಳೆದಳು. ಮೊದಲ ಏಟಿಗೇ ಕಿವಿ ಹರಿದು ರಕ್ತ ಬಂತು. "ಒಲ ನನ್ನೆಸ್ರಲ್ಲಿ ಅದೆ ಅಂತ ಗೊತ್ತಿತ್ತೇನ್ಲಾ? ಗೊತ್ತಿದ್ದೇ ಆಕ್ದೇನ್ಲಾ?" ಅವನು, "ಅತ್ಗೆ, ತಪ್ಪಾಯ್ತು ಅತ್ಗೆ" ಅನ್ನುತ್ತಾ ಉರುಳಾಡಿ, ಜೋಳದ ನಡುವೆ ಹಾಕಿದ್ದನ್ನೂ ಬಾಯಿ ಬಿಟ್ಟ. ಅಕ್ಕ ಒಣಗಿದ್ದು, ಸುಟ್ಟಿದ್ದು ಎಲ್ಲವನ್ನೂ ಗುಡಿಸಿ ಒಲೆಗೆ ತುಂಬಿದಳು. "ಜೋಳದೊಳ್ಗೆ ಮಿಕ್ಕಿರೋ ಗಿಡಾನೂ ಇವತ್ತೇ ಕಿತ್ತಾಕ್ಬೇಕು" ಅಂದಳು. ಅವನು ಮೈಕೈ ನೋವು ಅಂತ ಮಲಗಿಬಿಟ್ಟ. ಅಷ್ಟು ಏಟು ತಿಂದ ಮೇಲೂ ಅವನಿಗೆ ಬುದ್ಧಿ ಬಂದಿರಲಿಲ್ಲ.

ಒಂದೆರಡು ದಿನಕ್ಕೇ ಬುಲೆಟ್‌ನವನು ಬಂದ. ಈ ಸಲ ಕಾರಿನಲ್ಲಿ, ಜೊತೆಗೆ ಇಬ್ಬರು. ಮಧ್ಯಾಹ್ನದ ಹೊತ್ತು. ಬ್ಯಾರನ್ನಿಗೆ ಹೊಸ ಸೊಪ್ಪು ಏರಿಸಿ ಒಲೆ ಹಚ್ಚಿದ್ದೆವು. "ಮಾಲೆಲ್ಲಿ?" ಅಂದ. ಸುಟ್ಟುಹೋಯಿತು ಅಂದರೆ ನಂಬುತ್ತಾನೆಯೇ? ಬೇರೆಯವರಿಗೆ ಮಾರಿಕೊಂಡು ಕತೆ ಹೇಳುತ್ತಿದ್ದಾನೆ ಅಂತಲೇ ತಿಳಿದ. ಬೆಲ್ಟ್ ಬಿಚ್ಚಿ ಬಕ್ಕಲ್ ಇರುವ ಕಡೆಯಿಂದ ನನ್ನ ಗಂಡನ ಮುಖಕ್ಕೆ ಹೊಡೆದರು. ಬಿದ್ದವನ ಪಕ್ಕೆಗೆ ಒದ್ದರು. ನಾನು ಅಡ್ಡ ಹೋದೆ. ಒಬ್ಬ ನನ್ನ ಬಾಯಿಗೆ ಗುದ್ದಿದ. ಮುಂದಿನ ಹಲ್ಲು ಮುರಿದು ನಾಲಗೆಯ ಮೇಲೆ ಬಿತ್ತು. ನನ್ನ ಗಂಡನನ್ನು ದರದರ ಎಳೆದುಕೊಂಡು ಹೋಗಿ ಒಲೆಯ ಬಾಯಿಯ ಮುಂದೆ ಮಂಡಿಯೂರಿಸಿದರು. ಬುಲೆಟ್‌ನವನು ಅವನ ಕತ್ತಿನ ಹಿಂದೆ ಕೈಯಿಟ್ಟು ಒತ್ತುತ್ತಾ, "ಯಾರಿಗ್ಲಾ ಮಾರ್ದೆ? ನಿಜ ಏಳು, ಇಲ್ದಿದ್ರೆ ನಿನ್ ಮುಖಾನೇ ಬೇಯಿಸ್ತೀನಿ" ಅಂದ. ಕೂದಲು ಸುಟ್ಟ ವಾಸನೆ ಬಂತು. ನನ್ನ ಇಬ್ಬರು ಮಕ್ಕಳು ಶಾಲೆಯಲ್ಲಿದ್ದರು ಅನ್ನುವುದೊಂದೇ ಆ ಹೊತ್ತಿನ ಪುಣ್ಯ.

ನನ್ನ ಕೂಗು ಹೊಲಕ್ಕೆ ಕೇಳಿಸಿತ್ತು. ಅಕ್ಕ ತಲೆಯ ಮೇಲಿದ್ದ ಸೊಪ್ಪಿನ ಹೊರೆ ಎಸೆದು ಬಂದಳು. ಒಲೆಯಿಂದ ಕೆಂಡ ಎಳೆಯುವ ಕಬ್ಬಿಣದ ಸಲಾಕೆ ಅರ್ಧ ಬೆಂಕಿಯೊಳಗೇ ಇತ್ತು. ಕೈಗೆ ಬಟ್ಟೆ ಸುತ್ತಿಕೊಂಡೇ ಹಿಡಿಯಬೇಕಾದದ್ದು ಅದು. ಎರಡೂ ಬರಿಗೈಯಲ್ಲೇ ಹಿಡಿದು ಎಳೆದಳು. ಮೊದಲ ಏಟು ಬುಲೆಟ್‌ನವನ ಮೊಣಕೈಗೆ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಎರಡನೆಯದು ಹೆಗಲಿಗೆ. ಅಂಗಿ ಸುಟ್ಟು ಚರ್ಮಕ್ಕೆ ಅಂಟಿಕೊಂಡಿತು. ಅವನು ಹಂದಿಯ ಹಾಗೆ ಕಿರುಚಿದ. ಉಳಿದಿಬ್ಬರು ಕಾರಿನ ಕಡೆ ಓಡಿದರು. ಅಕ್ಕ ಮೂರನೆಯ ಏಟಿಗೆ ಸಲಾಕೆಯನ್ನು ಅವನ ತಲೆಯ ಮೇಲೆ ಎತ್ತಿದ್ದಳು. ನಾನು ಅವಳ ಸೊಂಟ ತಬ್ಬಿ ನೇತುಬಿದ್ದು, "ಸತ್ತೋಯ್ತಾನೆ ಅಕ್ಕ, ಬಿಡು" ಅಂದೆ. "ಸಾಯ್ಲಿ" ಅಂದಳು. ಆದರೆ ಕೈ ಇಳಿಸಿದಳು. ಇಳಿಸಿದರೂ ಸಲಾಕೆ ಬೀಳಲಿಲ್ಲ, ಅಂಗೈಯ ಚರ್ಮ ಅದಕ್ಕೆ ಹತ್ತಿಕೊಂಡಿತ್ತು.

ಊರವರು ಸೇರಿ ಕಾರಿಗೆ ಅಡ್ಡ ನಿಂತರು. ಯಾರೋ ಪೊಲೀಸರಿಗೆ ಫೋನ್ ಮಾಡಿದ್ದರು. ಅವರು ಬರುವಷ್ಟರಲ್ಲಿ ನಾನು ಅಕ್ಕನ ಕೈಗೆ ನೀರು ಹೊಯ್ಯುತ್ತಿದ್ದೆ. ಬುಲೆಟ್‌ನವನು ನೋವಿನಲ್ಲಿ, ಜೋಳದೊಳಗೆ ಗಾಂಜಾ ಇದೆ ಅಂತ ಒದರಿಬಿಟ್ಟ. ಪೊಲೀಸರು ಜೋಳದೊಳಗೆ ಹೋಗಿ ಮಿಕ್ಕಿದ್ದ ಗಿಡಗಳನ್ನು ಕಿತ್ತುಕೊಂಡು ಬಂದರು. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ. "ಯಾರು ಬೆಳೆದಿದ್ದು ಇದನ್ನ?"

ನನ್ನ ಗಂಡ ರಕ್ತ ಒರೆಸಿಕೊಳ್ಳುತ್ತಾ ನೆಲ ನೋಡುತ್ತಿದ್ದ. ನಾನು ಬಾಯಿ ತೆಗೆಯುವುದರೊಳಗೆ ಅಕ್ಕ ತನ್ನ ಸುಟ್ಟ ಕೈಯಿಂದಲೇ ನನ್ನ ತೋಳು ಅದುಮಿ ಮೆಲ್ಲಗೆ ಅಂದಳು: "ಬಾಯ್ ಮುಚ್ಕಳೆ. ನಿನ್ ಮಕ್ಳಿಗೆ ಅಪ್ಪ ಬೇಕು. ನಂಗ್ಯಾರವ್ರೆ?" ಆಮೇಲೆ ಗಟ್ಟಿಯಾಗಿ, "ಒಲ ನಂದು ಸಾ. ಬೆಳ್ದೋಳೂ ನಾನೇ. ಇವ್ನಿಗೆ ಇದೆಲ್ಲ ಗೊತ್ತಿಲ್ಲ, ಇವ್ನು ಎಡವಟ್ಟು ನನ್ಮಗ" ಅಂದಳು. ಆ ಬುಲೆಟ್‌ನವನು ಅವಳ ಮುಖ ನೋಡಿದ. ಅವಳೂ ಅವನನ್ನು ನೋಡಿದಳು. ಅವನು ಕಣ್ಣು ತಗ್ಗಿಸಿದ. ಹೇಳಿಕೆಗೆ ಹೆಬ್ಬೆಟ್ಟು ಒತ್ತಿಸಲು ನೋಡಿದರೆ ಅವಳ ಬೆರಳಿನಲ್ಲಿ ಚರ್ಮವೇ ಇರಲಿಲ್ಲ. ಮೊದಲು ಹಾಸನದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು, ಅಲ್ಲಿಂದ ಜೈಲಿಗೆ.

ಬೇಲು ಸಿಕ್ಕಿ ಮನೆಗೆ ಬಂದಾಗ ಅವಳ ಬೆರಳುಗಳು ಮಡಚಿಕೊಂಡು ಹಾಗೇ ನಿಂತುಬಿಟ್ಟಿದ್ದವು. ಸೊಪ್ಪು ಕಟ್ಟಲು ಆಗುತ್ತಿರಲಿಲ್ಲ. ಒಲೆಯ ಹತ್ತಿರ ಕಲ್ಲಿನ ಮೇಲೆ ಕೂತು, ಸೌದೆ ತೆಗಿ, ಸೌದೆ ಆಕು ಅಂತ ನಮಗೆ ಹೇಳುತ್ತಿದ್ದಳು. ನಾನು ಕಲಸಿ ತುತ್ತು ಕೊಡುತ್ತಿದ್ದೆ. ಸಾರಿಗೆ ಉಪ್ಪು ಕಮ್ಮಿಯಾದರೆ ಕಾಲಿನಲ್ಲಿ ಒದೆಯುತ್ತಿದ್ದಳು. ಒದೆ ಬಿದ್ದ ದಿನ ನನಗೆ ಎಷ್ಟು ಸಂತೋಷವಾಗುತ್ತಿತ್ತು ಅಂದರೆ ಹಿತ್ತಲಿಗೆ ಹೋಗಿ ಅತ್ತು ಬರುತ್ತಿದ್ದೆ. ನನ್ನ ಗಂಡ ಅವಳ ಕಾಲು ಒತ್ತುತ್ತಿದ್ದ, ಮಾತ್ರೆ ತಂದುಕೊಡುತ್ತಿದ್ದ. ಪೊಲೀಸರ ಹತ್ತಿರ ಹೋಗಿ ನಿಜ ಹೇಳುತ್ತೇನೆ ಅನ್ನುವ ಒಂದು ಮಾತು ಮಾತ್ರ ಅವನ ಬಾಯಲ್ಲಿ ಬರಲಿಲ್ಲ. ಅವಳು ಕೇಳಲೂ ಇಲ್ಲ. ಆ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ, ಉಸಿರು ಸಿಗದೆ, ನನ್ನ ತೊಡೆಯ ಮೇಲೆ ತೀರಿಕೊಂಡಳು.

ಆಮೇಲೆ ಕೇಸಿನ ದಿನ ಬಂತು. ಹಾಸನಕ್ಕೆ ಇಬ್ಬರೂ ಹೋದೆವು. ದಾರಿಯುದ್ದಕ್ಕೂ ನಾನು ಅವನಿಗೆ ಹೇಳಿದೆ. "ಇವತ್ತಾದ್ರೂ ನಿಜ ಏಳಿ. ನಾನು ಬೆಳ್ದಿದ್ದು ಅನ್ನಿ. ಸತ್ತೋಳ ಮೇಲೆ ಯಾಕ್ ತಪ್ಪು ಒರ್ಸ್ತೀರಿ?" ಅವನು ಹೂಂ ಅಂದಿದ್ದ. ಕೋರ್ಟಿನ ಬಾಗಿಲಲ್ಲಿ ನಿಂತು ಅವಳ ಹೆಸರು ಕೂಗಿದರು. ಆ ಹೆಸರಿಗೆ ಯಾರೂ ಹೋಗಲಿಲ್ಲ. ನಮ್ಮ ವಕೀಲರು ಮರಣ ಪತ್ರ ಕೊಡಲು ಇವನನ್ನು ಒಳಗೆ ಕರೆದರು. ನಾನು ಹೊರಗೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಬಂದು, "ಸದ್ಯ, ಅತ್ಗೆ ಮೇಲಿನ ಕೇಸು ಮುಗೀತು ಕಣೆ. ನಮ್ಗಿನ್ನೇನೂ ತೊಂದ್ರೆ ಇಲ್ವಂತೆ" ಅಂದ. ಆ "ಸದ್ಯ" ಅನ್ನುವ ಮಾತು ನನಗೆ ತಡೆಯಲಾಗಲಿಲ್ಲ. ವಕೀಲರು, ಪೊಲೀಸರು, ಬಂದವರು ಹೋದವರು ಎಲ್ಲರ ಎದುರಿಗೇ ಅವನ ಕೆನ್ನೆಗೆ ಬಿಟ್ಟೆ. ಇನ್ನೊಂದು ಕೆನ್ನೆಗೂ ಬಿಟ್ಟೆ. ಅವನು ತಲೆ ತಗ್ಗಿಸಿ ನಿಂತಿದ್ದ, ಕೈ ಅಡ್ಡ ತರಲಿಲ್ಲ.

ಬಸ್ಸಿನಲ್ಲಿ ಅಕ್ಕಪಕ್ಕ ಕೂತು ವಾಪಸು ಬರುವಾಗ ಚಿಕ್ಕ ಮಗಳು ಫೋನ್ ಮಾಡಿ, ಅಪ್ಪನಿಗೆ ಕೊಡು ಅಂದಳು. ಕೊಟ್ಟೆ. ಅವನು, "ಬತ್ತಾ ಇದೀನಿ ಕಣಮ್ಮ, ಬಂದ್ಬುಟ್ಟೆ" ಅಂದ. ಅಕ್ಕ ಸುಟ್ಟ ಕೈಯಿಂದ ನನ್ನ ತೋಳು ಅದುಮಿದ್ದು ಆ ಮಾತಿಗಾಗಿಯೇ. ನನಗೆ ಅದು ಗೊತ್ತು. ನನ್ನ ಮಕ್ಕಳು ಅಪ್ಪಾ ಅಂದಾಗಲೆಲ್ಲ ಅದು ಅವಳದೇ ಋಣ ಅಂತ ನನ್ನ ಹೊಟ್ಟೆ ಉರಿಯುತ್ತದೆ, ತಣ್ಣಗೂ ಆಗುತ್ತದೆ.

ಕೋರ್ಟಿನ ಕಾಗದದಲ್ಲಿ ಇವತ್ತಿಗೂ ಗಾಂಜಾ ಬೆಳೆದವಳು ಅಂತ ಅವಳ ಹೆಸರೇ ಇದೆ. ಊರಲ್ಲೂ ಹಾಗೇ ಆಡಿಕೊಳ್ಳುತ್ತಾರೆ. ನಾನು ಇಲ್ಲಿ ಬರೆದಿದ್ದನ್ನೆಲ್ಲ ನನ್ನ ಗಂಡನನ್ನು ಎದುರಿಗೆ ಕೂರಿಸಿಕೊಂಡು ಓದಿ ಹೇಳಿದ್ದೇನೆ. ಅವನು ಬೇಡ ಅನ್ನಲಿಲ್ಲ. ಬೆಳೆದವಳು ಅವಳಲ್ಲ, ಇವನು.