ಕಾಯುವವರಿಗೆ ಕೆಲಸ ಹೇಳದವರು

ನಮ್ಮ ಅತ್ತೆ ಬೆಳಿಗ್ಗೆ ಮೂರು ಬೆರಳಿನಿಂದ ಎಳೆದ ವಿಭೂತಿ ಮಧ್ಯಾಹ್ನಕ್ಕೆ ಬೆವರಿನಲ್ಲಿ ಕದಡಿ, ಸಂಜೆಗೆ ಹುಬ್ಬಿನ ಕೂದಲಲ್ಲಷ್ಟೇ ಉಳಿದಿರುತ್ತಿತ್ತು. ಬೆಲ್ಲದ ಬಾಗೇವಾಡಿಯ ಆ ಮನೆಯಲ್ಲಿ ಗಡಿಯಾರ ಇರಲಿಲ್ಲ. ಹೊತ್ತು ಎಷ್ಟಾಯಿತೆಂದು ನಾನು ಅವರ ಹಣೆ ನೋಡಿ ತಿಳಿಯುತ್ತಿದ್ದೆ.

ಮೆತ್ತನೆಯ ಹೆಂಗಸಲ್ಲ ಅವರು. ಸೊಸೆ ಸುಮ್ಮನೆ ಕುಳಿತದ್ದು ಕಣ್ಣಿಗೆ ಬಿದ್ದರೆ ಸಾಕು, ಕಾಳಿನ ಮೊರ ಮುಂದೆ ಬರುತ್ತಿತ್ತು. ಆದರೆ ಯಾರದಾದರೂ ದಾರಿ ಕಾಯುವವರಿಗೆ ಮಾತ್ರ ಎಂದೂ ಕೆಲಸ ಹೇಳಲಿಲ್ಲ. "ಕಾಯೂದೂ ಒಂದ ಕೆಲಸನ. ಎರಡ ಕೆಲಸ ಒಮ್ಮೆಲೆ ಹೆಂಗ ಮಾಡ್ತಾರ?" ಎನ್ನುತ್ತಿದ್ದರು. ತಾವೂ ಎಲೆ ಅಡಿಕೆಯ ಚೀಲ ತಂದು ಪಕ್ಕದಲ್ಲಿ ಕೂರುತ್ತಿದ್ದರು.

ಮದುವೆಯಾದ ಮೇಲಿನ ನನ್ನ ಮೊದಲ ನಾಗರಪಂಚಮಿ. ತವರಿಗೆ ಕರೆದೊಯ್ಯಲು ಮಸಗುಪ್ಪಿಯಿಂದ ಅಣ್ಣ ಬರಬೇಕಿತ್ತು. ಹೊಸ ಸೀರೆ ಉಟ್ಟು ಹೊಸ್ತಿಲ ಬಳಿ ಕುಳಿತೆ. ಅತ್ತೆಯೂ ಕುಳಿತರು. ಅವರ ವಿಭೂತಿ ಕರಗಿತೇ ಹೊರತು ಅಣ್ಣನ ಸುಳಿವಿಲ್ಲ. ಹೊಳೆ ದಂಡೆ ಮೀರಿದೆ, ದೋಣಿ ನಿಂತಿದೆ ಎಂದು ದಾರಿಹೋಕರು ಹೇಳಿದರು. ಓಣಿಯಲ್ಲಿ ಹೆಣ್ಣುಮಕ್ಕಳು ಜೋಕಾಲಿ ಆಡುತ್ತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

"ಪಂಚಮಿ ಮುಗೀತ್ರಿ, ಅತ್ತ್ಯಾರ."

"ಯಾರ ಹೇಳಿದ್ರ? ನಿಮ್ಮಣ್ಣ ಬಂದ ಮ್ಯಾಲೆ ಮುಗೀತೈತಿ."

ಆಡಿದಂತೆಯೇ ಮಾಡಿದರು. ಪಡಸಾಲೆಯ ಜೋಕಾಲಿ ಬಿಚ್ಚಗೊಡಲಿಲ್ಲ, ಹಬ್ಬಕ್ಕೆ ಕಟ್ಟಿದ ಸಿಹಿ ಉಂಡಿಯ ಡಬ್ಬಿ ತೆರೆಯಗೊಡಲಿಲ್ಲ. ಓಣಿಯವರು ನಕ್ಕರು. ಹಗ್ಗಕ್ಕೆ ತಲೆ ತಾಗಿದಾಗಲೆಲ್ಲ ಮಾವ ಗೊಣಗಿದರು. ಹುಣ್ಣಿಮೆ ಕಳೆದ ಮೇಲೆ, ಮೊಣಕಾಲವರೆಗೂ ಕೆಸರಾಗಿ ಅಣ್ಣ ಬಂದ.

"ಬರ್ರಿ, ನಮ್ಮ ಮನ್ಯಾಗ ಇವತ್ತ ಪಂಚಮಿ," ಎಂದು ಅತ್ತೆ ಮೊದಲ ಉಂಡಿಯನ್ನು ಅವನ ಕೈಗಿಟ್ಟರು. ಆ ಹೊತ್ತಿಗೆ ಉಂಡಿ ಕಲ್ಲಾಗಿತ್ತು. ಅಣ್ಣ ದವಡೆಗಿಟ್ಟು ಕಡಿದ.

ಅತ್ತೆಯ ತವರು ಅರಭಾವಿ. ಯಾವುದೋ ಮಾತಿಗೆ ಮುನಿದ ಅವರಣ್ಣ ಪಂಚಮಿಗೆ ಕರೆಯಲು ಬರುವುದನ್ನೇ ಬಿಟ್ಟಿದ್ದ. ಅದು ನನಗೆ ಎಷ್ಟೋ ವರ್ಷಗಳ ಮೇಲೆ, ಅವರು ಹಾಸಿಗೆ ಹಿಡಿದಾಗ ತಿಳಿಯಿತು. ಅವನಿಗೆ ಹೇಳಿಕಳಿಸಿದೆವು. ಅವನು ಬರಬೇಕಿದ್ದ ದಿನ ಅತ್ತೆಯ ಹಣೆಗೆ ವಿಭೂತಿ ನಾನೇ ಹಚ್ಚಿ, ಪಕ್ಕದಲ್ಲಿ ಕುಳಿತೆ.

"ಚಕ್ಕಡಿ ಸಪ್ಪಳ ಆತೇನ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು.

ಹಾಲು ಉಕ್ಕುತ್ತಿದೆಯೆಂದು ಮಾವ ಒಳಗಿನಿಂದ ಕೂಗಿದರು.

"ನಾ ಕೆಲಸದಾಗ ಅದೀನ್ರಿ," ಎಂದೆ.

ಅತ್ತೆ ನನ್ನ ಕೈ ಹಿಡಿದುಕೊಂಡರು. ಅವರಣ್ಣನ ಚಕ್ಕಡಿ ಬಾಗಿಲಿಗೆ ಬರುವಷ್ಟರಲ್ಲಿ ಆ ಹಿಡಿತ ಸಡಿಲಿ, ಕೈ ತಣ್ಣಗಾಗಿತ್ತು. ನಾನು ಏಳಲಿಲ್ಲ, ಅವನು ಒಳಗೆ ಬರುವವರೆಗೂ ಅಲ್ಲೇ ಕುಳಿತಿದ್ದೆ.